ಗುಳಿಗೆ, ರೊಟ್ಟಿ, ಪ್ರಾರ್ಥನೆ: ಟಿಬಿ ಬಂದ ಮನೆಯಲ್ಲಿ ಆರು ತಿಂಗಳು

ಹೋದ ವಾರ ನಮ್ಮ ಮನೆಯವರ ಟಿಬಿಯ (ಕ್ಷಯರೋಗದ) ಕೊನೆಯ ಕಫ ಪರೀಕ್ಷೆಯ ರಿಪೋರ್ಟ್ ಕೈಗೆ ಬಂತು. ರೋಗಾಣು ಇಲ್ಲ, ಚಿಕಿತ್ಸೆ ಮುಗಿಯಿತು ಎಂದು ಬರೆದುಕೊಟ್ಟರು. ಈ ಆರು ತಿಂಗಳಲ್ಲಿ ಔಷಧದ ಬಗ್ಗೆ ಹೇಳುವವರು ಸಿಕ್ಕರು, ಪ್ರಾರ್ಥನೆಯ ಬಗ್ಗೆ ಹೇಳುವವರಂತೂ ಬೇಕಾದಷ್ಟು ಸಿಕ್ಕರು. ಎರಡನ್ನೂ ಒಂದೇ ಮನೆಯಲ್ಲಿ, ಒಂದೇ ಅಡುಗೆಕಟ್ಟೆಯ ಮುಂದೆ ನಿಭಾಯಿಸುವುದು ಹೇಗೆ ಅಂತ ಹೇಳುವವರು ಮಾತ್ರ ಸಿಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಹುಬ್ಬಳ್ಳಿಯವರು, ಸಿಎಸ್‌ಐ ಸಭೆಯವರು (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟ್ ಕ್ರೈಸ್ತರು). ಮನೆಯಲ್ಲಿ ಐದು ಮಂದಿ: ನಾನು, ಇವರು, ಅತ್ತೆ, ಪಿಯುಸಿ ಓದುವ ಮಗ, ಆರನೇ ಕ್ಲಾಸಿನ ಮಗಳು. ಇವರು ಗೋಕುಲ ರೋಡಿನ ಕಡೆ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನಿನ ಮೇಲೆ ಕೆಲಸ ಮಾಡುತ್ತಾರೆ. ಹೋದ ದಿನಕ್ಕಷ್ಟೇ ಪಗಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ.

ಕೆಮ್ಮು ಶುರುವಾದದ್ದು ಕ್ರಿಸ್ಮಸ್ ಹೊತ್ತಿಗೆ. ಕ್ಯಾರಲ್ ಗುಂಪಿನ ಜೊತೆ ರಾತ್ರಿ ಥಂಡಿಯಲ್ಲಿ ಮನೆಮನೆ ತಿರುಗಿದ್ದಕ್ಕೆ ಬಂದಿರಬೇಕು ಅಂದರು ಎಲ್ಲರೂ. ಹತ್ತಿರದ ಖಾಸಗಿ ದವಾಖಾನೆಯಲ್ಲಿ ಒಂದು ಸಿರಪ್ ಕೊಟ್ಟರು, ಆಮೇಲೆ ಇನ್ನೊಂದು ಸಿರಪ್, ಆಮೇಲೆ ಆಂಟಿಬಯಾಟಿಕ್. ಸಂಜೆಗೆ ಸಣ್ಣ ಜ್ವರ, ರಾತ್ರಿ ಬನಿಯನ್ ತೊಯ್ಯುವಷ್ಟು ಬೆವರು, ದಿನದಿನಕ್ಕೆ ಪ್ಯಾಂಟು ಸಡಿಲ. ಆದರೂ ಕಫ ಪರೀಕ್ಷೆ ಮಾಡಿಸಿರಿ ಅಂತ ಅಲ್ಲಿ ಒಬ್ಬರೂ ಹೇಳಲಿಲ್ಲ. ಎಕ್ಸ್‌ರೇ, ರಕ್ತ ಪರೀಕ್ಷೆ, ಆಟೋ ಅಂತ ಕೈಯಲ್ಲಿದ್ದ ದುಡ್ಡೆಲ್ಲ ಕರಗಿದ ಮೇಲೆ, ನನ್ನ ಹತ್ತಿರ ಬ್ಲೌಸ್ ಹೊಲಿಸುವ ಆಶಾ ಕಾರ್ಯಕರ್ತೆಯೊಬ್ಬರು ಒಳಕೋಣೆಯ ಕೆಮ್ಮು ಕೇಳಿ, "ಅಕ್ಕಾರ, ನಾಳಿ ಮುಂಜಾನೆ ಅವರನ್ನ ಸರ್ಕಾರಿ ದವಾಖಾನಿಗೆ ಕರಕೊಂಡ ಬರ್ರಿ. ರೊಕ್ಕಾ ಏನೂ ಬ್ಯಾಡ" ಅಂದರು.

ಹಿಂದೆ ಬರುವವರಿಗೆ ಇಲ್ಲೇ ಒಂದು ಮಾತು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಪುಕ್ಕಟೆ, ಗುಳಿಗೆಯೂ ಪುಕ್ಕಟೆ. ಮುಂಜಾನೆ ಎದ್ದ ಕೂಡಲೇ ಎದೆಯಾಳದಿಂದ ಬಂದ ಕಫ ಬೇಕು. ಬಾಯಿಯ ಉಗುಳು ಕೊಟ್ಟರೆ ನಡೆಯುವುದಿಲ್ಲ, ಮತ್ತೆ ಕರೆಯುತ್ತಾರೆ. ಸಿಬಿನಾಟ್ ಅಥವಾ ಟ್ರೂನಾಟ್ ಮಶೀನಿನಲ್ಲಿ ನೋಡಿದರೆ ರೋಗಾಣು ಇದೆಯೋ ಇಲ್ಲವೋ ಎನ್ನುವುದರ ಜೊತೆಗೆ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಅದು ಬಗ್ಗುತ್ತದೋ ಇಲ್ಲವೋ ಅಂತಲೂ ಗೊತ್ತಾಗುತ್ತದೆ. ನಮ್ಮದು ಬಗ್ಗುವ ಜಾತಿಯದು. ಬಗ್ಗದಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ರಿಪೋರ್ಟ್ ಬಂದ ದಿನ ಇವರು ಕೇಳಿದ ಮೊದಲ ಪ್ರಶ್ನೆ, "ವರ್ಕ್‌ಶಾಪಿನ್ಯಾಗ ಹೇಳಬೇಕೇನ?" ನನ್ನ ತಲೆಯಲ್ಲಿದ್ದದ್ದು ಮಕ್ಕಳು. ಆ ರಾತ್ರಿ ಕುಟುಂಬ ಪ್ರಾರ್ಥನೆಗೆ ಕುಳಿತೆವು. ನಮ್ಮ ಮನೆಯಲ್ಲಿ ಇದು ತಪ್ಪುವುದಿಲ್ಲ. ಅತ್ತೆಯ ತವರು ಗದಗಿನ ಬೆಟಗೇರಿ. 1841ರಲ್ಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪಾದ್ರಿಗಳು ಬಂದು ನೆಲೆಸಿದ ಊರದು. ಅಲ್ಲಿಂದ ಅವರು ತಂದ ರೂಢಿಯಂತೆ ರಾತ್ರಿ ಊಟವಾದ ಮೇಲೆ ಒಂದು ಕೀರ್ತನೆ, ಸತ್ಯವೇದದ (ಬೈಬಲಿನ) ಒಂದು ಅಧ್ಯಾಯ, ಆಮೇಲೆ ಪ್ರತಿಯೊಬ್ಬರದೂ ಒಂದೊಂದು ಪ್ರಾರ್ಥನೆ. ಆ ದಿನ ಯಾರಿಗೂ ಬಾಯಿ ಬರಲಿಲ್ಲ. ಹಾಡು ಎತ್ತಲು ಹೋಗಿ ನಾನು ನಿಲ್ಲಿಸಿದೆ. ಅತ್ತೆ ಪುಸ್ತಕ ಮುಚ್ಚಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನಷ್ಟೇ ಹೇಳಿದರು. "ಇವತ್ತ ಇಷ್ಟ ಸಾಕವಾ. ಏಳ್ರಿ, ಮಲಗ್ರಿ."

ಮುಂದಿನ ಆರು ತಿಂಗಳೂ ನಮ್ಮ ಪ್ರಾರ್ಥನೆಯ ಅಳತೆ ಹೆಚ್ಚುಕಡಿಮೆ ಅಷ್ಟೇ ಆಯಿತು. ಕಷ್ಟ ಬಂದಾಗ ಉಪವಾಸ, ರಾತ್ರಿಯಿಡೀ ಪ್ರಾರ್ಥನೆ ಅಂತ ಹೇಳುವವರು ಇರುತ್ತಾರೆ. ಮಾಡುವ ಶಕ್ತಿ ಇದ್ದವರು ಮಾಡಲಿ. ರೋಗಿಯನ್ನು ನೋಡಿಕೊಳ್ಳುವ ಮನೆಗೆ ದಿನಾ ತಪ್ಪದ ಐದು ನಿಮಿಷವೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ.

ಮರುದಿನದಿಂದ ಕಾಗದಪತ್ರ. ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಫೋನ್ ನಂಬರ್ ಕೊಟ್ಟರೆ ನಿಕ್ಷಯ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಹೆಸರು ದಾಖಲಾಗಿ ಒಂದು ಐಡಿ ಸಿಗುತ್ತದೆ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯ ಲೆಕ್ಕದಲ್ಲಿ ಹಣ ನೇರ ಖಾತೆಗೆ ಬರುತ್ತದೆ. 2024ರ ನವೆಂಬರಿಗಿಂತ ಮೊದಲು ಇದು 500 ಇತ್ತು. ನಮಗೆ ತೊಡಕಾದದ್ದು ಹೆಸರಿನಿಂದ. ದೀಕ್ಷಾಸ್ನಾನದ ಹೆಸರು ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಖಾತೆಗೆ ಆಧಾರ್ ಜೋಡಣೆಯೂ ಆಗಿರಲಿಲ್ಲ. ಬ್ಯಾಂಕಿನವರು ಆಧಾರ್ ಸರಿಮಾಡಿಸಿ ಅಂದರು, ಆಧಾರ್ ಕೇಂದ್ರದವರು ದಾಖಲೆ ತನ್ನಿ ಅಂದರು. ನಮ್ಮ ಸಮುದಾಯದಲ್ಲಿ ಈ ತಾಪತ್ರಯ ಬಹಳ ಮನೆಗಳಲ್ಲಿದೆ. ಯಾರಿಗೂ ಕಾಯಿಲೆ ಇಲ್ಲದಿರುವಾಗಲೇ ಇವತ್ತು ಕುಳಿತು ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ನೋಡಿರಿ. ನಮಗೆ ಹಣ ಬಂತು, ಆದರೆ ಬೇಕಾದ ಹೊತ್ತಿಗೆ ಬರಲಿಲ್ಲ.

ಗುಳಿಗೆಯ ಲೆಕ್ಕ ಹೀಗೆ: ಮೊದಲ ಎರಡು ತಿಂಗಳು ನಾಲ್ಕು ಔಷಧ ಒಂದರಲ್ಲೇ ಸೇರಿರುವ ಗುಳಿಗೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧದ್ದು. ದಿನಕ್ಕೆ ಎಷ್ಟು ಎನ್ನುವುದನ್ನು ತೂಕ ನೋಡಿ ಹೇಳುತ್ತಾರೆ. ಮೂತ್ರ ಕಿತ್ತಳೆ ಕೆಂಪಾಗುತ್ತದೆ. ಅದು ರಿಫಾಂಪಿಸಿನ್ನಿನ ಬಣ್ಣ, ರಕ್ತವಲ್ಲ. ಯಾರೂ ಮೊದಲೇ ಹೇಳದಿದ್ದರೆ ಎದೆ ಒಡೆಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಆದರೆ ಕಣ್ಣು ಹಳದಿಯಾದರೆ, ದೃಷ್ಟಿ ಮಂಜಾದರೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು.

ಇನ್ನು ಮನೆಯೊಳಗಿನ ಕಥೆ. ಸುದ್ದಿ ಗೊತ್ತಾದ ದಿನವೇ ಅತ್ತೆ ಇವರಿಗೆ ಬೇರೆ ತಾಟು, ಬೇರೆ ವಾಟಗಾ ಇಟ್ಟರು. ಮಗನೆಂದರೆ ಪ್ರಾಣ ಅವರಿಗೆ, ಆದರೆ ಅವರ ಕಾಲದ ಟಿಬಿ ಅಂದರೆ ಹಾಗೇ. ಇವರು ಒಳಕೋಣೆಯಲ್ಲಿ ಒಬ್ಬರೇ ಊಟ ಮಾಡುತ್ತಿದ್ದರು. ಮಗಳು ಬಾಗಿಲ ಹೊರಗೆ ತನ್ನ ತಾಟು ಇಟ್ಟುಕೊಂಡು ಕೂರುತ್ತಿದ್ದಳು. ಭೇಟಿಗೆ ಬಂದ ಆರೋಗ್ಯ ಕಾರ್ಯಕರ್ತೆ ಇದನ್ನು ನೋಡಿ, "ತಾಟಿನಿಂದ ಬರೂದಲ್ರೀ ಇದು, ಗಾಳಿಯಿಂದ. ಮೊದ್ಲು ಆ ಕಿಡಕಿ ತಗೀರಿ" ಅಂದರು. ಥಂಡಿ ಬರುತ್ತದೆಂದು ನಾವು ಗಟ್ಟಿಯಾಗಿ ಮುಚ್ಚಿದ್ದ ಕಿಟಕಿ ಅದು! ಮೊದಲ ಕೆಲವು ವಾರ ಮಾಸ್ಕ್, ಬೇರೆ ಮಲಗುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ, ಕಿಟಕಿ ಬಾಗಿಲು ತೆರೆದಿಡುವುದು, ಇಷ್ಟು ಸಾಕು. ತಾಟು ಬೇರೆ ಮಾಡಿದ್ದಕ್ಕೆ ಏನೂ ಅರ್ಥವಿರಲಿಲ್ಲ. ಅತ್ತೆ ಆ ತಾಟನ್ನು ಬೂದಿ ಹಚ್ಚಿ ತಿಕ್ಕಿ, ಉಳಿದ ತಾಟುಗಳ ನಡುವೆ ಸೇರಿಸಿಬಿಟ್ಟರು, ಯಾವುದು ಅಂತ ಗೊತ್ತಾಗದ ಹಾಗೆ. ಸುಂಕದವರ, ಪಾಪಿಗಳ ಜೊತೆ ಯೇಸು ಊಟಕ್ಕೆ ಕುಳಿತದ್ದನ್ನು ಸಂಡೇ ಸ್ಕೂಲಿನಿಂದ ಕೇಳುತ್ತ ಬಂದಿದ್ದೇನೆ. ಒಟ್ಟಿಗೆ ಉಣ್ಣುವುದಕ್ಕೆ ಜನ ಯಾಕೆ ಅಷ್ಟು ಸಿಟ್ಟಾದರು ಅಂತ ಆಗೆಲ್ಲ ಅನಿಸುತ್ತಿತ್ತು. ಬೇರೆ ತಾಟು ಇಟ್ಟ ಮನೆಯಲ್ಲಿ ಇದ್ದು ನೋಡಿದ ಮೇಲೆ ಅದು ಬೇರೆಯೇ ಕಥೆ.

ಮೊದಲ ತಿಂಗಳು ಎಲ್ಲಕ್ಕಿಂತ ಕಠಿಣ. ಬರಿಹೊಟ್ಟೆಯಲ್ಲಿ ಗುಳಿಗೆ ನುಂಗಿದರೆ ಓಕರಿಕೆ, ಸಂದು ನೋವು, ಊಟ ಸೇರದು. ಇವರು ಗೋಡೆಗೆ ಮುಖ ಮಾಡಿ ಮಲಗಿ, "ನನ್ನ ಬಿಟ್ಟಬಿಡ್ರಿ" ಅನ್ನುತ್ತಿದ್ದರು. ಆ ದಿನಗಳಲ್ಲಿ ಯಾರ ಉಪದೇಶವೂ ಕೆಲಸಕ್ಕೆ ಬರಲಿಲ್ಲ. ಒಂದು ರಾತ್ರಿ ಅತ್ತೆ ಓದಿದ್ದು ಅರಸುಗಳು ಮೊದಲನೆಯ ಭಾಗದ 19ನೇ ಅಧ್ಯಾಯ. ಪ್ರವಾದಿ ಎಲೀಯನು ಗಿಡದ ಕೆಳಗೆ ಬಿದ್ದುಕೊಂಡು ನನ್ನ ಪ್ರಾಣ ತೆಗೆದುಕೋ ಅಂತ ದೇವರನ್ನು ಕೇಳುತ್ತಾನೆ. ದೇವದೂತ ಬಂದು ಬೈಯುವುದಿಲ್ಲ, ನಂಬಿಕೆ ಎಲ್ಲಿ ಹೋಯಿತು ಅನ್ನುವುದಿಲ್ಲ. ತಟ್ಟಿ ಎಬ್ಬಿಸಿ, ಎದ್ದು ಊಟ ಮಾಡು ಅನ್ನುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು. ಉಂಡು ಮತ್ತೆ ಮಲಗುತ್ತಾನೆ. ದೂತ ಎರಡನೇ ಸಲ ಬಂದಾಗಲೂ ಅದನ್ನೇ ಹೇಳುತ್ತಾನೆ. ರೊಟ್ಟಿಯ ಮಾತು ಬಂದಾಗ ಇವರು ಗೋಡೆಯಿಂದ ಈಚೆ ತಿರುಗಿ, "ಅವಂಗೂ ಪಲ್ಯಾ ಇರಲಿಲ್ಲೇನ?" ಅಂದರು. ವಾರಗಳ ನಂತರ ಮನೆಯಲ್ಲಿ ಎಲ್ಲರೂ ನಕ್ಕದ್ದು ಅವತ್ತೇ.

ಅಂದಿನಿಂದ ನನ್ನ ಕೆಲಸ ಏನು ಅನ್ನುವುದು ಸ್ಪಷ್ಟವಾಯಿತು: ಉಣಿಸುವುದು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ದಿನಾ ತತ್ತಿ, ಮಧ್ಯಾಹ್ನ ಶೇಂಗಾ ಉಂಡಿ. ಟಿಬಿಗೆ ದುಬಾರಿ ಪ್ರೋಟೀನ್ ಪೌಡರ್ ಡಬ್ಬಿ ಬೇಕೇಬೇಕು ಅಂತೇನಿಲ್ಲ. ಬೇಳೆಕಾಳು, ಶೇಂಗಾ, ತತ್ತಿ, ಹಾಲಿನಿಂದಲೇ ಇವರ ತೂಕ ಏರಿತು. ಒಮ್ಮೆಗೆ ಸೇರದಿದ್ದರೆ ಸ್ವಲ್ಪಸ್ವಲ್ಪವಾಗಿ ಐದಾರು ಸಲ ಕೊಡಿ.

ಎರಡು ತಿಂಗಳು ದಾಟುವ ಹೊತ್ತಿಗೆ ಇನ್ನೊಂದು ಅಪಾಯ ಬರುತ್ತದೆ, ಇದನ್ನು ಗಟ್ಟಿಯಾಗಿ ಹೇಳಬೇಕು. ಕೆಮ್ಮು ನಿಲ್ಲುತ್ತದೆ, ಹಸಿವಾಗುತ್ತದೆ, ಗುಣವಾಯಿತು ಅನಿಸುತ್ತದೆ, ಗುಳಿಗೆ ಯಾಕೆ ಅನಿಸುತ್ತದೆ. ನಡುವೆ ಬಿಟ್ಟರೆ ಔಷಧಕ್ಕೆ ಬಗ್ಗದ ಟಿಬಿಯಾಗಿ ತಿರುಗಿ ಬರಬಹುದು. ನಾವು ಗುಳಿಗೆಯ ಪಟ್ಟಿಯನ್ನು ಸತ್ಯವೇದದ ಪಕ್ಕದಲ್ಲೇ ಇಟ್ಟೆವು. ಮುಂಜಾನೆ ಗುಳಿಗೆ, ಜೊತೆಗೆ ಒಂದು ವಚನ. ವಿಮೋಚನಕಾಂಡ 16ರ ಮನ್ನದ ಪ್ರಸಂಗ (ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ದಿನದಿನ ಕೊಟ್ಟ ಆಹಾರದ್ದು) ಬಂದಾಗ ಮಗಳು, "ನಾಳಿಂದು ಇವತ್ತ ತಗೊಂಡ್ರ ನಡಿಯಂಗಿಲ್ಲ ಅಲ್ಲಾ ಪಪ್ಪಾ?" ಅಂದಳು. ಇಸ್ರಾಯೇಲ್ಯರು ನಾಳೆಗೆ ಅಂತ ಎತ್ತಿಟ್ಟ ಮನ್ನ ಹುಳ ಬಿದ್ದು ನಾರಿತು. ದಿನದ್ದು ದಿನಕ್ಕೆ. ಕರ್ತನ ಪ್ರಾರ್ಥನೆಯಲ್ಲಿ ಅನುದಿನದ ಆಹಾರ ಕೇಳುವಾಗ ಈಗಲೂ ನನ್ನ ಕಣ್ಣ ಮುಂದೆ ಆ ಗುಳಿಗೆಯ ಪಟ್ಟಿಯೇ ಬರುತ್ತದೆ.

ಭೇಟಿಗೆ ಬಂದವರ ಬಗ್ಗೆ ಬರೆಯದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ಒಬ್ಬರು ಬಂದು, ಮನೆಯಲ್ಲಿ ಯಾವುದೋ ಅರಿಕೆಯಾಗದ ಪಾಪ ಇರಬೇಕು, ಹುಡುಕಿರಿ ಅಂದರು. ಇನ್ನೊಬ್ಬರು ಫೋನಿನಲ್ಲಿ, ಎಣ್ಣೆ ಹಚ್ಚಿ ಪ್ರಾರ್ಥಿಸಿದ್ದೇವೆ, ಇನ್ನು ಗುಳಿಗೆ ನುಂಗಿದರೆ ಅದು ಅಪನಂಬಿಕೆ ಅಂದರು. ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ, ಆದರೆ ನನಗಿಂತ ಮೊದಲು ಅತ್ತೆಯೇ ಫೋನ್ ಇಸಿದುಕೊಂಡರು. "ಹಿಜ್ಕೀಯ ಅರಸ ಸಾಯೂ ಹಂಗಾದಾಗ ದೇವರು ಅವನ ಪ್ರಾರ್ಥನಿ ಕೇಳಿದ. ಕೇಳಿದ ಮ್ಯಾಲೂ ಯೆಶಾಯ ಹುಣ್ಣಿಗೆ ಅಂಜೂರದ ಉಂಡಿ ಕಟ್ಟಂದ. ಔಷಧ ಪಾಪ ಆಗಿದ್ರ ಪ್ರವಾದಿ ಯಾಕ ಹೇಳ್ತಿದ್ದ?" ಆ ಕಡೆಯಿಂದ ಮಾತಿಲ್ಲ. ಯೆಶಾಯ 38ನೇ ಅಧ್ಯಾಯದಲ್ಲಿದೆ, ನಿಮಗೂ ಬೇಕಾದೀತು. ಪಾಪ ಹುಡುಕುವವರಿಗೆ ಯೋಹಾನ 9: ಇವನು ಕುರುಡನಾಗಿ ಹುಟ್ಟಿದ್ದು ಯಾರ ಪಾಪದಿಂದ ಅಂತ ಶಿಷ್ಯರು ಕೇಳಿದಾಗ, ಇವನದೂ ಅಲ್ಲ, ತಂದೆತಾಯಿಯದೂ ಅಲ್ಲ ಅಂದ ಯೇಸು.

ಹೀಗೆ ಭೇಟಿಗೆ ಹೋಗುವವರು ಸತ್ಯವೇದದಲ್ಲಿ ಎಲ್ಲ ಕಳೆದುಕೊಂಡು ಕುಳಿತಿದ್ದ ಯೋಬನ ಸ್ನೇಹಿತರನ್ನು ನೆನೆಸಿಕೊಂಡರೆ ಒಳ್ಳೆಯದು. ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಬಾಯಿ ತೆರೆದು ನಿನ್ನದೇ ಪಾಪ ಅಂದ ಮೇಲೆಯೇ ಕೆಟ್ಟದ್ದು. ನಮ್ಮ ಸಭಾಪಾಲಕರು ಮೊದಲ ಸಲ ಬಂದಾಗ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಇವರ ಜೊತೆ ಲೇಥ್ ಮಶೀನಿನ ಬಗ್ಗೆ ಅರ್ಧ ತಾಸು ಮಾತಾಡಿ, ಸಣ್ಣ ಪ್ರಾರ್ಥನೆ ಮಾಡಿ ಎದ್ದರು. ಇವರು ಚರ್ಚಿಗೆ ಹೋಗಲಾಗದ ವಾರಗಳಲ್ಲಿ ಕರ್ತನ ಭೋಜನವನ್ನೂ (ಆರಾಧನೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಮನೆಗೇ ತಂದರು. ಹಾಸಿಗೆ ಹಿಡಿದವರಿಗೆ ಹೀಗೆ ಕೊಡುವ ಪದ್ಧತಿ ನಮ್ಮ ಸಭೆಯಲ್ಲಿದೆ, ಸಂಕೋಚಪಡದೆ ಕೇಳಿರಿ.

ಮಗನದು ಬೇರೆ ಹೋರಾಟ. ಪರೀಕ್ಷೆಯ ವರ್ಷ, ಮನೆಯಲ್ಲಿ ಫೀ ಕಟ್ಟಲು ದುಡ್ಡಿಲ್ಲ, ಗೆಳೆಯರಿಗೆ ಹೇಳುವಂತಿಲ್ಲ. ಒಂದು ರಾತ್ರಿ, "ದೇವ್ರು ಕೇಳಂಗಿಲ್ಲ, ನಾ ಕೂಡಂಗಿಲ್ಲ" ಅಂತ ಎದ್ದು ಹೋದ. ನಾನು ಗದರಿಸಲು ಹೊರಟೆ, ಇವರು ತಡೆದರು. ಮರುದಿನ ಇವರೇ ಕೀರ್ತನೆ 88 ಓದಿದರು. ಬೇರೆ ದುಃಖದ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಓದಿ ಇವರು ಅಲ್ಲಿಗೇ ನಿಲ್ಲಿಸಿದರು, ವಿವರಣೆ ಕೊಡಲಿಲ್ಲ. ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. "ಇಂಥಾದೂ ಐತೇನ ಇದರಾಗ?" ಅಂದ. ಅವನು ತಿರುಗಿ ದಿನಾ ಕೂರಲು ಶುರು ಮಾಡಿದ ಅಂತ ಬರೆದರೆ ಸುಳ್ಳಾಗುತ್ತದೆ. ಕೆಲವು ದಿನ ಕೂರುತ್ತಾನೆ, ಕೆಲವು ದಿನ ಇಲ್ಲ.

ಮನೆಯ ಉಳಿದ ಎಲ್ಲರಿಗೂ ಪರೀಕ್ಷೆ ಆಯಿತು. ಯಾರಿಗೂ ರೋಗ ಇರಲಿಲ್ಲ, ಆದರೂ ಮುಂದೆ ಬಾರದಂತೆ ತಡೆಯುವ ಗುಳಿಗೆ ಕೊಟ್ಟರು. ನಮಗೆ ಕೊಟ್ಟದ್ದು ವಾರಕ್ಕೊಮ್ಮೆ, 12 ವಾರ. ನಾವು ರವಿವಾರ ಗೊತ್ತು ಮಾಡಿಕೊಂಡೆವು, ಮರೆಯುವ ಪ್ರಶ್ನೆಯೇ ಇಲ್ಲ. ಆರಾಮಿದ್ದವರು ಯಾಕೆ ನುಂಗಬೇಕು ಅಂತ ಮಗಳು ಮುಖ ಸಿಂಡರಿಸುತ್ತಿದ್ದಳು. ಅಜ್ಜಿ ನುಂಗಿ ತೋರಿಸಿದ ಮೇಲೆ ತಾನೂ ನುಂಗುತ್ತಿದ್ದಳು.

ದುಡ್ಡಿನ ಮಾತು. ಇವರಿಗೆ ಪಗಾರ ನಿಂತಿತು. ಹೇಗೋ ಸುದ್ದಿ ಹೊರಬಿದ್ದು ನನ್ನ ಹೊಲಿಗೆಯ ಗಿರಾಕಿಗಳೂ ಕಡಿಮೆಯಾದರು. ಒಬ್ಬರಂತೂ ಅರ್ಧ ಹೊಲಿದ ಬ್ಲೌಸನ್ನು ಹಾಗೇ ವಾಪಸ್ ಒಯ್ದರು. ನನ್ನ ಕಿವಿಯ ಬೆಂಡೋಲೆ ಅಡವಿಗೆ ಹೋದವು, ಇನ್ನೂ ಬಂದಿಲ್ಲ. ಅತ್ತೆಗೆ ಒಂದು ರೂಢಿ. ದಿನಾ ಅಡುಗೆಗೆ ಮೊದಲು ಒಂದು ಹಿಡಿ ಜೋಳವನ್ನೋ ಅಕ್ಕಿಯನ್ನೋ ಡಬ್ಬಿಯಲ್ಲಿ ತೆಗೆದಿಟ್ಟು, ತಿಂಗಳ ಕೊನೆಗೆ ಸಭೆಯ ಹೆಣ್ಣುಮಕ್ಕಳ ಸಂಘಕ್ಕೆ ಕೊಡುವುದು. ಇಲ್ಲದವರ ಮನೆಗೆ ಅದು ಹೋಗುತ್ತದೆ. "ಅತ್ತಿ, ಈ ಎರಡ ತಿಂಗಳರೆ ನಿಲ್ಲಸ್ರಿ" ಅಂದೆ. "ಒಂದ ಹಿಡಿಯಿಂದ ನಾವೇನ ಸಾಹುಕಾರ ಆಗತೇವೇನ?" ಅಂತ ಅಂದು ಹಿಡಿಯನ್ನು ಮಾತ್ರ ಸ್ವಲ್ಪ ಸಣ್ಣದು ಮಾಡಿದರು. ಆಮೇಲೊಂದು ಸಂಜೆ ಸಂಘದವರು ಗೋಣಿಚೀಲ ಹೊತ್ತು ನಮ್ಮ ಬಾಗಿಲಿಗೇ ಬಂದರು. ಕೊಡುವ ಸಾಲಿನಲ್ಲಿ ನಿಂತು ಬೆಳೆದವಳು ನಾನು. ಆ ಚೀಲ ಇಳಿಸಿಕೊಳ್ಳುವಾಗ ನೆಲ ನೋಡುತ್ತ ನಿಂತಿದ್ದೆ, ವಂದನೆ ಹೇಳಲೂ ಗಂಟಲು ಕಟ್ಟಿತ್ತು. ಅತ್ತೆ ಚೀಲದ ಬಾಯಿ ಬಿಚ್ಚಿ ಜೋಳ ಕೈಯಲ್ಲಿ ಹಿಡಿದು, "ನಮ್ದೂ ಇದ್ರಾಗ ಬಂದೈತಿ ನೋಡ, ಹುಳಾ ಆರಸಿದ್ದ ಚೊಲೋ ಆತು" ಅಂದರು. ಬಂದವರೆಲ್ಲ ನಕ್ಕು ಚಾ ಕುಡಿದು ಹೋದರು. ಬರಗಾಲದಲ್ಲಿ ಎಲೀಯನಿಗೆ ರೊಟ್ಟಿ ಮಾಡಿಕೊಟ್ಟ ಚಾರೆಪ್ತ ಊರಿನ ವಿಧವೆಯ ಹಿಟ್ಟಿನ ಮಡಕೆ ಬರಿದಾಗಲಿಲ್ಲ ಅಂತ ಪ್ರಸಂಗದಲ್ಲಿ ಕೇಳುವಾಗ ಅದು ದೊಡ್ಡ ಅದ್ಭುತ. ನಮ್ಮ ಮನೆಯಲ್ಲಿ ಹಿಟ್ಟು ಗೋಣಿಚೀಲದಲ್ಲಿ, ಸ್ಕೂಟಿಯ ಮೇಲೆ ಬಂತು.

ಬೇಸಿಗೆಯಲ್ಲಿ ನಳ. ಹುಬ್ಬಳ್ಳಿಯವರಿಗೆ ಹೇಳಬೇಕಾಗಿಲ್ಲ, ನಮ್ಮ ಓಣಿಯಲ್ಲಿ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ, ಅದೂ ರಾತ್ರಿ. ಮೊದಲೆಲ್ಲ ಬ್ಯಾರೆಲ್ ತುಂಬುವುದು ಇವರ ಕೆಲಸ. ಈಗ ನಾನು, ಮಗ. ಒಂದು ಸಲ ರಾತ್ರಿ ಎರಡಕ್ಕೆ ಕೊಡ ಎತ್ತುತ್ತ ನನಗೆ ಅಳು ಬಂತು, ಸಿಟ್ಟೂ ಬಂತು. ಆ ವಾರ ಓದಿದ್ದ ಕಾನಾ ಊರಿನ ಮದುವೆ ನೆನಪಾಯಿತು, ಯೇಸು ನೀರನ್ನು ದ್ರಾಕ್ಷಾರಸ ಮಾಡಿದ ಪ್ರಸಂಗ. ಆ ಆರು ಕಲ್ಲಿನ ಬಾನಿಗಳಿಗೆ ಕಂಠದವರೆಗೆ ನೀರು ತುಂಬಿದ್ದು ಸೇವಕರು. ದ್ರಾಕ್ಷಾರಸ ಎಲ್ಲಿಂದ ಬಂತು ಅಂತ ಔತಣದ ಯಜಮಾನನಿಗೆ ಗೊತ್ತಿರಲಿಲ್ಲ, ನೀರು ತೋಡಿದ ಸೇವಕರಿಗೆ ಗೊತ್ತಿತ್ತು ಅಂತ ಯೋಹಾನ ಬರೆಯುತ್ತಾನೆ. ಮಗನಿಗೆ ಇದನ್ನು ಹೇಳಿದೆ. "ಮಮ್ಮಿ, ನೀ ಮೊದ್ಲ ಪೈಪ್ ಹಿಡಿ" ಅಂದ. ಅವತ್ತು ನಮ್ಮ ಬ್ಯಾರೆಲಿನ ನೀರು ನೀರಾಗಿಯೇ ಉಳಿಯಿತು, ಆದರೆ ಅಪ್ಪನಿಗೆ ಬಿಸಿನೀರು ಕಾಯಿಸಿ ಕೊಟ್ಟದ್ದು ಮಗ.

ಗುಳಿಗೆ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ರಿಪೋರ್ಟು, ಚೀಟಿ ಎಲ್ಲ ಒಂದೇ ಫೈಲಿನಲ್ಲಿ ಇಡಿ. ಇವರು ವರ್ಕ್‌ಶಾಪಿಗೆ ಹೋಗಲು ಶುರು ಮಾಡಿದ್ದಾರೆ, ಸದ್ಯಕ್ಕೆ ಹಗುರ ಕೆಲಸ, ಪಗಾರವೂ ಹಗುರ.

ಈ ರವಿವಾರ ಆರಾಧನೆಯಲ್ಲಿ ಸಾಕ್ಷಿ ಹೇಳಬೇಕೆಂದು ಇವರನ್ನು ಕೇಳಿದರು. ವೇದಿಕೆ ಅಂದರೆ ಆಗದ ಮನುಷ್ಯ. ಎದ್ದು ನಿಂತು, "ದೇವರು ನನ್ನ ಉಳಿಸಿದ. ಸರ್ಕಾರಿ ಗುಳಿಗಿ ಆರು ತಿಂಗಳು ಒಂದ ದಿನಾ ಬಿಡದ ತಗೊಂಡೆ. ನಿಮ್ಮ ಮನ್ಯಾಗ ಯಾರಿಗರೆ ಎರಡ ವಾರದ ಮ್ಯಾಲೆ ಕೆಮ್ಮ ಇದ್ರ ತೋರಸ್ರಿ, ಮುಚ್ಚಿ ಇಡಬ್ಯಾಡ್ರಿ" ಅಂತ ಹೇಳಿ ಕುಳಿತರು. ಇಷ್ಟು ಸಣ್ಣ ಸಾಕ್ಷಿಯೇ ಅಂತ ಕೆಲವರಿಗೆ ನಿರಾಸೆಯಾದದ್ದು ಮುಖದಲ್ಲೇ ಕಂಡಿತು. ಆರಾಧನೆ ಮುಗಿದ ಮೇಲೆ ಚಪ್ಪಲಿ ಹುಡುಕುವಾಗ ಒಬ್ಬ ಹೆಣ್ಣುಮಗಳು ನನ್ನ ಪಕ್ಕಕ್ಕೆ ಬಂದು, ತನ್ನ ಅಕ್ಕನ ಮಗನಿಗೆ ಬಹಳ ದಿನದಿಂದ ಕೆಮ್ಮಿದೆ, ಎಲ್ಲಿ ಹೋಗಬೇಕು ಅಂತ ಸಣ್ಣ ದನಿಯಲ್ಲಿ ಕೇಳಿದಳು. ಮುಂಜಾನೆಯೇ ಹೋಗಬೇಕು, ಬಾಯಿ ಮುಕ್ಕಳಿಸಿ ಆಳದ ಕಫ ಕೊಡಬೇಕು, ಆಧಾರ್ ಮತ್ತು ಪಾಸ್‌ಬುಕ್ ಒಯ್ಯಬೇಕು, ಒಯ್ಯುವ ಮೊದಲು ಎರಡರಲ್ಲೂ ಹೆಸರು ಒಂದೇ ಇದೆಯಾ ನೋಡಬೇಕು ಅಂತ ಹೇಳಿ, ನನ್ನ ಫೋನ್ ನಂಬರ್ ಬರೆದುಕೊಟ್ಟೆ.